ಹಾಲಿ ಗವರ್ನರ್ ನಿಲ್ಲದ ಚುನಾವಣೆಗೆ ಕನ್ನಡದಲ್ಲಿ ಏನೆನ್ನಬೇಕು?

ಮಾನ್ಯರೇ,

ಕ್ಯಾಲಿಫೋರ್ನಿಯಾದಲ್ಲಿ 2026ರ ನವೆಂಬರ್ 3ರಂದು ಗವರ್ನರ್ ಚುನಾವಣೆ ನಡೆಯಲಿದೆ. 2019ರ ಜನವರಿಯಿಂದ ಆ ಹುದ್ದೆಯಲ್ಲಿರುವ ಗ್ಯಾವಿನ್ ನ್ಯೂಸಮ್ ಅವರಿಗೆ ಇದು ಎರಡನೆಯ ಅವಧಿಯಾದ್ದರಿಂದ ರಾಜ್ಯದ ಸಂವಿಧಾನದ ಪ್ರಕಾರ ಅವರು ಮತ್ತೆ ನಿಲ್ಲುವಂತಿಲ್ಲ. ಇಲ್ಲಿ ಪೌರತ್ವ ಪಡೆದು ಮೊದಲ ಬಾರಿಗೆ ಮತ ಹಾಕಲಿರುವ ನಮ್ಮ ಹಿರಿಯರಿಗಾಗಿ ನಾವು ಕೆಲವರು ಸೇರಿ ಎರಡು ಪುಟಗಳ ಕನ್ನಡ ಕರಪತ್ರವೊಂದನ್ನು ಸಿದ್ಧಪಡಿಸಿದ್ದೇವೆ. ನಾಳೆ ಸಂಜೆ ಅದು ಅಚ್ಚಿಗೆ ಹೋಗಬೇಕು. ಆದರೆ ತಲೆಬರಹದಲ್ಲೇ ಸಿಕ್ಕಿಕೊಂಡಿದ್ದೇವೆ.

ಹುದ್ದೆಯಲ್ಲಿರುವವರು ಕಣಕ್ಕಿಳಿಯದ ಇಂಥ ಸ್ಪರ್ಧೆಗೆ ಇಲ್ಲಿನವರು ‘ಓಪನ್ ಸೀಟ್’ ಎನ್ನುತ್ತಾರೆ. ನಾನು ಮೊದಲು ‘ತೆರವಾದ ರಾಜ್ಯಪಾಲರ ಸ್ಥಾನಕ್ಕೆ ಚುನಾವಣೆ’ ಎಂದು ಬರೆದಿದ್ದೆ. ಅದನ್ನು ಓದಿದ ನಮ್ಮ ಅತ್ತೆಯವರು ಕನ್ನಡಕ ತೆಗೆದು, ‘ಅಯ್ಯೋ, ಯಾವಾಗ ತೀರಿಕೊಂಡರು?’ ಎಂದು ಕೇಳಿದರು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಪತ್ರಿಕೆಗಳಲ್ಲಿ ಸ್ಥಾನ ತೆರವಾಗುವುದು ನಿಧನದಿಂದಲೋ ರಾಜೀನಾಮೆಯಿಂದಲೋ, ಅದರ ಹಿಂದೆಯೇ ಬರುವುದು ಉಪಚುನಾವಣೆ. ಇಲ್ಲಿಯಾದರೋ ನ್ಯೂಸಮ್ ಅವರ ಅವಧಿ 2027ರ ಜನವರಿ 4ರವರೆಗೂ ಇದೆ. ‘ಮುಕ್ತ ಸ್ಥಾನ’ ಎಂದು ತಿದ್ದಿದೆ, ‘ಮೀಸಲಾತಿ ಇಲ್ಲದ್ದೇ?’ ಎಂದರು.

‘ರಾಜ್ಯಪಾಲ’ ಎಂಬುದರ ಬಗ್ಗೆಯೂ ನನಗೆ ಸಮಾಧಾನವಿಲ್ಲ. ಇಲ್ಲಿನ ಗವರ್ನರ್ ಜನರಿಂದ ನೇರವಾಗಿ ಆಯ್ಕೆಯಾಗಿ, ಆಡಳಿತವನ್ನು ತಾವೇ ನಡೆಸಿ, ಶಾಸನಸಭೆ ಒಪ್ಪಿದ ಮಸೂದೆಯನ್ನೂ ತಡೆಯಬಲ್ಲವರು. ಕೆಲಸ ನೋಡಿದರೆ ನಮ್ಮ ಮುಖ್ಯಮಂತ್ರಿಗಳಿಗೆ ಹತ್ತಿರ, ಆದರೆ ಸದನದ ಬಹುಮತಕ್ಕೂ ಅವರ ಹುದ್ದೆಗೂ ಸಂಬಂಧವಿಲ್ಲ. ಬಲ್ಲವರು ದಯವಿಟ್ಟು ಇಂದೇ ತಿಳಿಸಬೇಕು.

— ಸ್ಯಾನ್ ಹೋಸೆಯಿಂದ

*

‘ರಾಜ್ಯಪಾಲ’ ಬೇಡ. ನಮ್ಮ ಸಂವಿಧಾನದ 155ನೆಯ ವಿಧಿಯಂತೆ ರಾಷ್ಟ್ರಪತಿಗಳು ನೇಮಿಸುವವರು ರಾಜ್ಯಪಾಲರು. ಇದರಲ್ಲಿ ಚರ್ಚೆಗೆ ಎಡೆಯಿಲ್ಲ. ಇನ್ನು ಯಾರಾದರೂ ‘ಹಾಲಿರಹಿತ ಸ್ಥಾನ’ ಎಂದು ಸೂಚಿಸುವ ಮುನ್ನವೇ ಹೇಳುತ್ತೇನೆ, ಅದು ಅರಿಸಮಾಸ. ಕನ್ನಡ ಪದಕ್ಕೆ ಸಂಸ್ಕೃತವನ್ನು ಬೆಸೆಯುವುದನ್ನೇ ಹಳೆಯ ವ್ಯಾಕರಣಕಾರ ಕೇಶಿರಾಜ ಒಪ್ಪಲಿಲ್ಲ, ಇದಂತೂ ಅರಬ್ಬಿಗೆ ಸಂಸ್ಕೃತದ ಬಾಲ.

ಗವರ್ನರ್ ಎಂಬ ಪದದ ಬೇರು ಗ್ರೀಕಿನಲ್ಲಿದೆ. ಹಡಗು ನಡೆಸು ಎಂಬುದೇ ಅದರ ಮೂಲಾರ್ಥ. ಅದಕ್ಕೆ ಸರಿಸಾಟಿಯಾದ ‘ಚುಕ್ಕಾಣಿ’ ಎಂಬ ಅಚ್ಚಗನ್ನಡ ಪದ ನಮ್ಮಲ್ಲಿದೆ, ‘ಅಧಿಕಾರದ ಚುಕ್ಕಾಣಿ’ ಎಂದು ದಿನವೂ ಬರೆಯುತ್ತೇವೆ. ಆದ್ದರಿಂದ ‘ಚುಕ್ಕಾಣಿಗ’ ಎನ್ನಿ. ‘ಚುನಾವಣೆ’ಯೂ ಹಿಂದಿಯಿಂದ ಬಂದದ್ದು, ‘ಆಯ್ಕೆ’ ಸಾಕು. ‘ಹೊಸ ಚುಕ್ಕಾಣಿಗರ ಆಯ್ಕೆ’ ಎಂದು ಅಚ್ಚು ಹಾಕಿಸಿ.

— ಶಿವಮೊಗ್ಗದಿಂದ

*

ಶಿವಮೊಗ್ಗದ ಹಿರಿಯರ ಮಾತಿನಲ್ಲಿ ಮೊದಲ ವಾಕ್ಯವನ್ನು ಒಪ್ಪುತ್ತೇನೆ, ಉಳಿದದ್ದನ್ನು ಒಪ್ಪಲಾರೆ. ‘ಚುಕ್ಕಾಣಿ’ ಅಚ್ಚಗನ್ನಡವಲ್ಲ. ಅರಬ್ಬಿಯ ‘ಸುಕ್ಕಾನ್’ ಕಡಲ ವ್ಯಾಪಾರಿಗಳ ಜೊತೆಯಲ್ಲಿ ಬಂದು ತಮಿಳಿನಲ್ಲಿ ‘ಸುಕ್ಕಾನ್’, ಮರಾಠಿಯಲ್ಲಿ ‘ಸುಕಾಣೂ’, ನಮ್ಮಲ್ಲಿ ‘ಚುಕ್ಕಾಣಿ’ ಆಯಿತು. ಕೇಶಿರಾಜನೂ ಬಿರುದಾವಳಿಗಳಲ್ಲಿ ಅರಿಸಮಾಸ ಸಲ್ಲುತ್ತದೆಂದು ಎಡೆಗೊಟ್ಟಿದ್ದಾನೆಂಬುದನ್ನು ಮರೆಯಬಾರದು.

‘ಗವರ್ನರ್’ ಎಂದೇ ಉಳಿಸಿಕೊಳ್ಳಿ, ಅದರಿಂದ ಕನ್ನಡಕ್ಕೆ ನಷ್ಟವಿಲ್ಲ. ರಿಸರ್ವ್ ಬ್ಯಾಂಕಿನ ಗವರ್ನರ್ ಎಂದೂ ದೆಹಲಿಯ ಲೆಫ್ಟಿನೆಂಟ್ ಗವರ್ನರ್ ಎಂದೂ ಓದುವವರಿಗೆ ಅದು ಅಪರಿಚಿತ ಪದವಲ್ಲ. ಹುದ್ದೆಯ ಸ್ವರೂಪ ಬದಲಾದಾಗ ಹೆಸರು ಬದಲಾಗುವುದು ನಮಗೂ ಹೊಸತಲ್ಲ. ಜಯಚಾಮರಾಜ ಒಡೆಯರು 1956ರ ಅಕ್ಟೋಬರ್ ಮುಗಿಯುವವರೆಗೆ ಮೈಸೂರಿನ ರಾಜಪ್ರಮುಖರಾಗಿ, ಅಂದರೆ ಹಿಂದೆ ಸಂಸ್ಥಾನವಾಗಿದ್ದ ರಾಜ್ಯದ ಮುಖ್ಯಸ್ಥರಾಗಿದ್ದು, ನವೆಂಬರ್ 1ರಿಂದ ರಾಜ್ಯಪಾಲರಾದರು. ಒಬ್ಬರೇ ವ್ಯಕ್ತಿ, ಒಂದೇ ಊರು, ಆದರೂ ಹೆಸರು ಬೇರೆಯಾಗಬೇಕಾಯಿತು. ಹೀಗಿರುವಾಗ ನೇಮಕಗೊಂಡವರ ಹೆಸರನ್ನು ಚುನಾಯಿತರಿಗೆ ಅಂಟಿಸುವುದು ತರವಲ್ಲ.

ಇನ್ನು ‘ಹಾಲಿ’. ಅದೂ ಅದರ ಜೋಡಿ ‘ಮಾಜಿ’ಯೂ ಅರಬ್ಬಿ ಮೂಲದವೇ. ಆದರೆ ಹಾಲಿ ಅಧ್ಯಕ್ಷರು, ಮಾಜಿ ಅಧ್ಯಕ್ಷರು ಎಂಬ ಮಾತು ಗ್ರಾಮ ಪಂಚಾಯಿತಿಯ ಕಟ್ಟೆಯ ಮೇಲೂ ಕೇಳಿಬರುವಾಗ ಅದನ್ನು ಹೊರಗಿನದೆಂದು ದೂರವಿಡುವುದರಲ್ಲಿ ಅರ್ಥವಿಲ್ಲ. ಅದು ವಿಶೇಷಣ, ಮುಂದೆ ನಾಮಪದವಿಲ್ಲದೆ ನಿಲ್ಲದು. ‘ಹಾಲಿರಹಿತ’ ಕೆಡುವುದು ಈ ಕಾರಣಕ್ಕೇ ಹೊರತು ಅರಿಸಮಾಸವಾದದ್ದಕ್ಕಲ್ಲ. ಇಂಗ್ಲಿಷ್ ಒಂದು ನಾಮಪದದಲ್ಲಿ ಹೇಳಿದ್ದನ್ನು ನಾವೂ ಒಂದು ನಾಮಪದದಲ್ಲೇ ಹೇಳಬೇಕೆಂಬ ಹಟದಿಂದಲೇ ಇಂಥ ತೊಡಕು ಹುಟ್ಟುತ್ತದೆ. ನಿಲ್ಲದ, ಇಲ್ಲದ, ಸ್ಪರ್ಧಿಸದ ಎಂಬ ನಿಷೇಧರೂಪಗಳು ಇಷ್ಟು ಚೊಕ್ಕವಾಗಿರುವ ಭಾಷೆಯಲ್ಲಿ ‘ಹಾಲಿ ಗವರ್ನರ್ ಕಣದಲ್ಲಿಲ್ಲದ ಚುನಾವಣೆ’ ಎಂದರೆ ಮುಗಿಯಿತು.

— ಮೈಸೂರಿನಿಂದ

*

ಚುಕ್ಕಾಣಿಯ ಮೂಲವನ್ನು ತೋರಿಸಿಕೊಟ್ಟದ್ದು ಸರಿ, ಅದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಆದರೆ ಹಿಂದೆ ಬಂದ ಎರವಲುಗಳನ್ನು ಎಣಿಸಿ ತೋರಿಸುವುದು ಹೊಸ ಎರವಲಿಗೆ ಸಮರ್ಥನೆಯಾಗದು. ಚುಕ್ಕಾಣಿಯನ್ನು ತಂದವರು ದೋಣಿ ನಡೆಸುವ ಜನ, ಬಾಯಲ್ಲಿ ಸವೆಸಿ ಕನ್ನಡದ ಅಚ್ಚಿಗೆ ಹೊಂದಿಸಿಕೊಂಡು ತಂದರು. ‘ಗವರ್ನರ್’ ಅನ್ನು ತರುವವರು ಓದಿದವರು, ಒಂದಕ್ಷರವನ್ನೂ ಮುಟ್ಟದೆ ತರುತ್ತಾರೆ. ನನ್ನ ತಕರಾರು ಅಲ್ಲಿದೆ. ತಲೆಬರಹ ಉದ್ದವಾಗಿದೆ, ‘ಹೊಸಬರ ಸ್ಪರ್ಧೆ’ ಎನ್ನಿ.

— ಶಿವಮೊಗ್ಗದಿಂದ

*

ಇಬ್ಬರಿಗೂ ನಾನು ಋಣಿ. ‘ಹೊಸಬರ ಸ್ಪರ್ಧೆ’ ಚಿಕ್ಕದಾಗಿದ್ದರೂ ನಿಜವಾಗದು. 2010ರಲ್ಲಿ ಇಲ್ಲಿ ಇಂಥದೇ ಚುನಾವಣೆ ನಡೆದಾಗ ಗೆದ್ದ ಜೆರ್ರಿ ಬ್ರೌನ್ ಅವರು 1975ರಿಂದ 1983ರವರೆಗೆ ಅದೇ ಹುದ್ದೆಯಲ್ಲಿದ್ದವರು. ಅವರ ಆ ಅವಧಿಗಳು ಎರಡೇ ಬಾರಿ ಎಂಬ ಮಿತಿ 1990ರಲ್ಲಿ ಬರುವ ಮೊದಲಿನವಾದ್ದರಿಂದ ಅಡ್ಡಿಯಾಗಲಿಲ್ಲ. ಹಾಲಿ ಇರಲಿಲ್ಲ, ಮಾಜಿ ಇದ್ದರು. 2018ರಲ್ಲಿ ನ್ಯೂಸಮ್ ನಿಂತಾಗಲೂ ಅವರು ಸುಮಾರು ಎಂಟು ವರ್ಷ ಲೆಫ್ಟಿನೆಂಟ್ ಗವರ್ನರ್, ಅಂದರೆ ಇಲ್ಲಿ ಗವರ್ನರ್ ನಂತರದ ಸ್ಥಾನದಲ್ಲಿ, ಆಗಿದ್ದವರು. ಹುದ್ದೆಯಲ್ಲಿರುವವರು ಸ್ಪರ್ಧೆಯಲ್ಲಿಲ್ಲ ಎಂಬುದಷ್ಟೇ ‘ಓಪನ್ ಸೀಟ್’ ಎಂಬುದರ ಅರ್ಥ, ನಿಂತವರು ಹೊಸಬರೆಂದಲ್ಲ.

ಮೈಸೂರಿನವರ ವಾಕ್ಯವನ್ನು ತಲೆಬರಹದ ಅಳತೆಗೆ ಮುರಿದು ಎರಡು ಸಾಲು ಮಾಡಿದ್ದೇನೆ: ‘ಹಾಲಿ ಗವರ್ನರ್ ಕಣದಲ್ಲಿಲ್ಲ’, ಅದರ ಕೆಳಗೆ ‘ನವೆಂಬರ್ 3ರಂದು ಮುಂದಿನ ಗವರ್ನರ್ ಆಯ್ಕೆ’. ಶಿವಮೊಗ್ಗದವರ ‘ಆಯ್ಕೆ’ಯನ್ನು ಸಂತೋಷದಿಂದ ಉಳಿಸಿಕೊಂಡಿದ್ದೇನೆ. ಬೆಳಿಗ್ಗೆ ತಿದ್ದಿದ ಹಾಳೆಯನ್ನು ಅತ್ತೆಯವರ ಕೈಗಿತ್ತೆ. ಈ ಬಾರಿ ಕನ್ನಡಕ ತೆಗೆಯಲಿಲ್ಲ. ‘ಸರಿ, ಹಾಗಾದರೆ ನಿಂತವರು ಯಾರ್ಯಾರು?’ ಎನ್ನುತ್ತಾ ಹಾಳೆ ಮಗುಚಿದರು.

— ಸ್ಯಾನ್ ಹೋಸೆಯಿಂದ