ವೇರಿಯಬಲ್: ‘ಅಂಕದಲ್ಲಿ 5 ಇದೆ’ ಅನ್ನಬೇಕೋ, ‘ಅಂಕ 5 ಆಗಲಿ’ ಅನ್ನಬೇಕೋ?

ಎಲ್ಲರಿಗೂ ನಮಸ್ಕಾರ.

ಚಿಂತಾಮಣಿಯಲ್ಲಿ ಪಿಯುಸಿ ಮಕ್ಕಳಿಗೆ ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುತ್ತೇನೆ. ಪುಸ್ತಕ ಇಂಗ್ಲಿಷಿನದು, ಆದರೆ ಬಿಡಿಸಿ ಹೇಳುವುದು ಕನ್ನಡದಲ್ಲೇ. ವೇರಿಯಬಲ್ (ಪ್ರೋಗ್ರಾಮಿನಲ್ಲಿ ಒಂದು ಬೆಲೆಯನ್ನು ಗುರುತಿಸಲು ಬಳಸುವ ಹೆಸರು) ಬಗ್ಗೆ ಹೇಳುವಾಗ ಯಾವ ಮಾತು ಬಳಸಬೇಕು ಅನ್ನೋದು ನನ್ನ ಪ್ರಶ್ನೆ.

ಗಣಿತದ ‘ಚರಾಕ್ಷರ’ ಮಕ್ಕಳಿಗೆ ಪಿಯುಸಿಗೆ ಬರುವ ಮೊದಲೇ ಗೊತ್ತು. ಆದರೆ ಅಲ್ಲಿ ಎಕ್ಸ್ ಅಂದರೆ ಲೆಕ್ಕ ಮಾಡಿ ಕಂಡುಹಿಡಿಯಬೇಕಾದ ಬೆಲೆ. ಪೈಥಾನ್‌ನಲ್ಲಿ ‘=’ ಅಂದರೆ ಬಲಗಡೆಯ ಬೆಲೆಯನ್ನು ಎಡಗಡೆಯ ಹೆಸರಿಗೆ ಕೊಡು ಅಂತ. ಇಲ್ಲಿ ‘ಎಕ್ಸ್ = ಎಕ್ಸ್ + 1’ ಅಂತ ಬರೆದರೆ “ಅದು ಹೆಂಗೆ ಸಮ ಆಗುತ್ತೆ ಸಾರ್?” ಅಂತ ಕೇಳುತ್ತಾರೆ. ಸಮೀಕರಣ ಅಂದುಕೊಂಡರೆ ಅವರ ಪ್ರಶ್ನೆ ಸರಿಯಾಗೇ ಇದೆ. ಹಾಗಾಗಿ ವೇರಿಯಬಲ್ ಅನ್ನೋ ಪದವನ್ನೇ ಇಟ್ಟುಕೊಂಡಿದ್ದೇನೆ.

ಜಾಸ್ತಿ ತೊಡಕಿರುವುದು ಪ್ರತ್ಯಯದಲ್ಲಿ. ಮೊದಲ ಸಾಲು ‘ಅಂಕ = 5’, ಎರಡನೇ ಸಾಲು ‘ಅಂಕ = 8’ ಅಂತಿರಲಿ. ನಾವು ಸಹಜವಾಗಿ “ಅಂಕದಲ್ಲಿ 5 ಇದೆ, ಈಗ ಅದಕ್ಕೆ 8 ಹಾಕಿ” ಅನ್ನುತ್ತೇವೆ. ಆ ‘ಅಲ್ಲಿ’, ಆ ‘ಹಾಕಿ’ ಬಂದ ಕೂಡಲೇ ವೇರಿಯಬಲ್ ಒಂದು ಡಬ್ಬಿ ಆಗಿಬಿಡುತ್ತದೆ. ಡಬ್ಬಿ ಅಂದಮೇಲೆ 5ರ ಜೊತೆಗೆ 8 ಕೂಡ ಹಿಡಿಸಬೇಕು, ಅಲ್ವಾ? ಕೆಲವರು ಎರಡೂ ಇವೆ ಅನ್ನುತ್ತಾರೆ, ಕೆಲವರು ಕೂಡಿಸಿ 13 ಅನ್ನುತ್ತಾರೆ. ನಿಜವಾಗಿ 5 ಹೋಗಿ 8 ಮಾತ್ರ ಉಳಿಯುತ್ತದೆ. ನಮ್ಮ ಕಡೆ ಎಷ್ಟೋ ಮಕ್ಕಳ ಮನೆಮಾತು ತೆಲುಗು. “ದಾನ್ಲೋ ಐದು ಉಂದಿ” ಅಂದರೂ ಇದೇ ಕಥೆ.

ಇದು ಬರೀ ನನ್ನ ಅನುಮಾನವಲ್ಲ. ನೆದರ್ಲೆಂಡ್ಸ್‌ನ ಸಂಶೋಧಕಿ ಫೆಲಿಯೆನ್ ಹರ್ಮನ್ಸ್ ಮತ್ತು ಜೊತೆಗಾರರು 2018ರಲ್ಲಿ ಇದನ್ನೇ ಪರೀಕ್ಷಿಸಿದರು. ಪ್ರೋಗ್ರಾಮಿಂಗ್ ಅಷ್ಟಾಗಿ ಗೊತ್ತಿಲ್ಲದ 496 ಜನ, ಮಕ್ಕಳೂ ದೊಡ್ಡವರೂ ಅದರಲ್ಲಿದ್ದರು. ಒಂದು ಗುಂಪಿಗೆ ವೇರಿಯಬಲ್ ಅಂದರೆ ಡಬ್ಬಿ ಅಂತ, ಇನ್ನೊಂದಕ್ಕೆ ಹೆಸರುಚೀಟಿ ಅಂತ ಹೇಳಿಕೊಟ್ಟರು. ಸುಲಭದ ಪ್ರಶ್ನೆಗಳಲ್ಲಿ ಡಬ್ಬಿ ಗುಂಪು ಮುಂದಿತ್ತು. ಒಂದೇ ವೇರಿಯಬಲ್‌ಗೆ ಎರಡು ಸಲ ಬೆಲೆ ಕೊಟ್ಟಾಗ ಚೀಟಿ ಗುಂಪು ಮುಂದೆ ಬಂತು. ಅಂದರೆ ಡಬ್ಬಿಯನ್ನು ಸುಮ್ನೆ ತೆಗೆದುಹಾಕುವ ಹಾಗೂ ಇಲ್ಲ.

ಚೀಟಿಯ ಅರ್ಥ ಬರುವಂತೆ ಹೇಳುವುದಾದರೆ “8ಕ್ಕೆ ಅಂಕ ಅಂತ ಹೆಸರಿಡಿ” ಅನ್ನಬಹುದು. ಪೈಥಾನ್ ಕೆಲಸ ಮಾಡುವ ರೀತಿಗೆ ಇದು ಬಹಳ ಹತ್ತಿರ. ಆದರೆ ಸಾಲಿನಲ್ಲಿ ಅಂಕ ಮೊದಲು ಬರುತ್ತದೆ, ಮಾತಿನಲ್ಲಿ 8 ಮೊದಲು. ಸಾಲನ್ನು ಓದುತ್ತಾ ಹೋಗುವ ಮಗುವಿಗೆ ಇದು ತಿರುಗುಮುರುಗು.

ಇತ್ತೀಚೆಗೆ ನನಗೆ ಹಿಡಿಸಿರುವುದು ‘ಆಗಲಿ’. “ಅಂಕ 5 ಆಗಲಿ. ಅಂಕ 8 ಆಗಲಿ.” ಒಳಗೆ, ಹೊರಗೆ ಅನ್ನುವ ಮಾತೇ ಇಲ್ಲ. ‘ಎಕ್ಸ್ = ಎಕ್ಸ್ + 1’ ಕೂಡ “ಎಕ್ಸ್ ಈಗ ಇರುವುದಕ್ಕಿಂತ 1 ಜಾಸ್ತಿ ಆಗಲಿ” ಅಂತ ಸಲೀಸಾಗಿ ಬರುತ್ತದೆ. ಬೇಸಿಕ್ ಎಂಬ ಹಳೆಯ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇಂಥ ಸಾಲಿನ ಮೊದಲಿಗೆ ‘ಲೆಟ್’ (ಇಂಗ್ಲಿಷಿನಲ್ಲಿ ‘ಆಗಲಿ’, ‘ಇರಲಿ’ ಅನ್ನುವ ಅರ್ಥ) ಇರುತ್ತಿತ್ತು. ಅದಕ್ಕೂ ಇದು ಹೊಂದುತ್ತದೆ.

ಅನುಮಾನ ಒಂದೇ. ‘ಆಗಲಿ’ ಅಂದರೆ ಹಾರೈಕೆಯೂ ಹೌದು, ಒಪ್ಪಿಗೆಯೂ ಹೌದು. “ಒಳ್ಳೆಯದಾಗಲಿ” ಅನ್ನುವ ಕಿವಿಗೆ ಅದು ಆಜ್ಞೆಯಾಗಿ ಕೇಳುತ್ತದೆಯೇ? ತುಮಕೂರು, ಕೋಲಾರದ ಕಡೆ ಕಲಿಸುವವರು ತರಗತಿಯಲ್ಲಿ ಬಾಯಿಬಿಟ್ಟು ಏನು ಹೇಳುತ್ತೀರಿ, ಆ ವಾಕ್ಯವನ್ನು ಹಾಗೆಯೇ ಬರೆದು ಕಳಿಸಿ. ಪದ ಮಾತ್ರ ಸಾಲದು, ಪ್ರತ್ಯಯವೂ ಬೇಕು.