ಬಗ್‌ಜಿಲ್ಲಾ ಸ್ಥಾಪನೆ: ‘ಗ್ರೂಪ್ಸ್’ ಟೇಬಲ್‌ಗೆ ಬಂದು ನಿಂತುಬಿಡುತ್ತಿದೆ [ಪರಿಹಾರವಾಗಿದೆ]

ಎರಕದಮನೆ, ಬೆಳಗಾವಿ | ಶನಿವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ಗುಣಮಟ್ಟ ವಿಭಾಗ ನೋಡಿಕೊಳ್ಳುತ್ತೇನೆ. ಕಂಪ್ಯೂಟರ್ ಕೆಲಸವೂ ನನ್ನ ಕೊರಳಿಗೇ ಬಿದ್ದಿದೆ, ಏಕೆಂದರೆ ಬೇರೆ ಯಾರೂ ಇಲ್ಲ.

ಪಂಪ್ ಬಾಡಿಯ ಎರಕಗಳಲ್ಲಿ ಕಾಣುವ ದೋಷಗಳನ್ನು ಈಗ ಮೂರು ರಿಜಿಸ್ಟರುಗಳಲ್ಲಿ ಬರೆಯುತ್ತೇವೆ. ಒಂದೇ ಬ್ಲೋ ಹೋಲ್‌ಗೆ (ಎರಕದೊಳಗಿನ ಗಾಳಿರಂಧ್ರ) ಮೂರು ಕಡೆ ಮೂರು ಹೆಸರು. ಸಾಫ್ಟ್‌ವೇರ್‌ನವರು ಬಗ್‌ಗಳ ಲೆಕ್ಕ ಇಡುವ ಬಗ್‌ಜಿಲ್ಲಾ ನಮಗೂ ಒದಗೀತು ಎನಿಸಿತು. ಪ್ರಾಡಕ್ಟ್ ಎಂದರೆ ಪಂಪ್ ಮಾದರಿ; ಕಾಂಪೊನೆಂಟ್ ಎಂದರೆ ಕೋರ್, ಅಚ್ಚು, ಲೋಹ.

ಯಂತ್ರ ಹಳೆಯ ಡೆಸ್ಕ್‌ಟಾಪ್, 4 ಜಿಬಿ ರ‍್ಯಾಮ್. ಉಬುಂಟು 22.04, ವೆಬ್ ಸರ್ವರ್ ಅಪಾಚೆ, ಡೇಟಾಬೇಸ್ ಮೈಎಸ್‌ಕ್ಯುಎಲ್ 8.0, ಬಗ್‌ಜಿಲ್ಲಾ 5.0.6. ಬೇಕಾದ ಪರ್ಲ್ ಭಾಷೆಯ ಮಾಡ್ಯೂಲ್‌ಗಳೆಲ್ಲ ಇವೆ ಎಂದು ಸ್ಥಾಪನೆ ನಡೆಸುವ ಚೆಕ್‌ಸೆಟಪ್ ಸ್ಕ್ರಿಪ್ಟ್ ಒಪ್ಪಿಕೊಂಡಿತು. ಆಮೇಲೆ ಟೇಬಲ್‌ಗಳನ್ನು ಒಂದೊಂದಾಗಿ ಸೃಷ್ಟಿಸುತ್ತ ಬಂದು, ಗ್ರೂಪ್_ಕಂಟ್ರೋಲ್_ಮ್ಯಾಪ್ ಆಯಿತು, ಗ್ರೂಪ್_ಗ್ರೂಪ್_ಮ್ಯಾಪ್ ಆಯಿತು, ಗ್ರೂಪ್ಸ್ ಬಂದೊಡನೆ ಪ್ರಾಣ ಬಿಡುತ್ತದೆ. ಎಸ್‌ಕ್ಯುಎಲ್ ವಾಕ್ಯರಚನೆಯಲ್ಲಿ ತಪ್ಪಿದೆ, ‘ಗ್ರೂಪ್ಸ್’ ಎಂಬುದರ ಹತ್ತಿರ ನೋಡು ಎನ್ನುತ್ತದೆ. ನಾನು ಬರೆಯದ ವಾಕ್ಯದಲ್ಲಿ ನಾನೇನು ತಪ್ಪು ನೋಡಲಿ?

ಮೂರು ಸಲ ಡೇಟಾಬೇಸ್ ಅಳಿಸಿ ಮರಳಿ ಮಾಡಿದೆ. ಪಾಸ್‌ವರ್ಡ್ ಬದಲಿಸಿದೆ. ಇಡೀ ಫೋಲ್ಡರಿಗೆ 777 ಅನುಮತಿಯನ್ನೂ (ಯಾರು ಬೇಕಾದರೂ ಓದಿ, ಬರೆದು, ನಡೆಸಬಹುದು) ಕೊಟ್ಟು ನೋಡಿದೆ. ಸೋಮವಾರ ತೋರಿಸುತ್ತೇನೆಂದು ಮಾಲೀಕರಿಗೆ ಮಾತು ಕೊಟ್ಟಿದ್ದೇನೆ.

ಘಟಪ್ರಭಾ ದಡ, ಬಾಗಲಕೋಟೆ | ರಾತ್ರಿ 10:05

ಮೈಎಸ್‌ಕ್ಯುಎಲ್ ತೆಗೆದು ಅದರ ಸೋದರ ಡೇಟಾಬೇಸ್ ಮರಿಯಾಡಿಬಿ ಹಾಕಿ. ನಾನು ಹಾಗೇ ಪಾರಾದೆ.

ಇಂಡಿ ನಿಂಬೆ, ವಿಜಯಪುರ | ರಾತ್ರಿ 10:50

ಮೊದಲು 777 ಅನ್ನು ಹಿಂದೆ ತೆಗೆದುಕೊಳ್ಳಿ. ಲೋಕಲ್‌ಕಾನ್ಫಿಗ್ ಕಡತದಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಬರೆದಿರುತ್ತದೆ. ಅದನ್ನು ಊರಿಗೆಲ್ಲ ತೆರೆದಿಟ್ಟರೂ ಎಸ್‌ಕ್ಯುಎಲ್ ದೋಷ ಹೋಗುವುದಿಲ್ಲ. ಬಾಗಿಲಿನ ಕೀಲು ಕೆಟ್ಟಿದೆ ಎಂದು ಗೋಡೆ ಒಡೆದ ಹಾಗೆ ಆಯಿತು.

ಇನ್ನು ನಿಮ್ಮ ದೋಷ. ಆ ಸಂದೇಶ ನಿಮಗೆ ನಿಜವನ್ನೇ ಹೇಳುತ್ತಿದೆ. ಬಗ್‌ಜಿಲ್ಲಾದಲ್ಲಿ ಬಳಕೆದಾರರ ಗುಂಪುಗಳನ್ನು ಇಡುವ ಟೇಬಲ್‌ಗೆ ‘ಗ್ರೂಪ್ಸ್’ ಎಂದೇ ಹೆಸರು, ಬಹಳ ಹಿಂದಿನಿಂದಲೂ. ಮೈಎಸ್‌ಕ್ಯುಎಲ್ 8.0.2ರಲ್ಲಿ ವಿಂಡೋ ಫಂಕ್ಷನ್‌ಗಳು (ಸಾಲುಗಳ ಗುಂಪಿನ ಮೇಲೆ ಲೆಕ್ಕ ಹಾಕುವ ಸೌಲಭ್ಯ) ಬಂದವು. ಅವುಗಳ ವ್ಯಾಕರಣಕ್ಕೆ ರೋಸ್, ರೇಂಜ್, ಗ್ರೂಪ್ಸ್ ಎಂಬ ಪದಗಳು ಬೇಕು. ಹಾಗಾಗಿ ‘ಗ್ರೂಪ್ಸ್’ ಅಂದಿನಿಂದ ಕಾಯ್ದಿರಿಸಿದ ಪದ, ಅಂದರೆ ಮೈಎಸ್‌ಕ್ಯುಎಲ್ ತನ್ನ ಬಳಕೆಗೇ ಇಟ್ಟುಕೊಂಡದ್ದು. ಕಾಯ್ದಿರಿಸಿದ ಪದವನ್ನು ಟೇಬಲ್‌ಗೆ ಹೆಸರಾಗಿ ಇಡಬೇಕಾದರೆ ಎರಡೂ ಬದಿಗೆ ಬ್ಯಾಕ್‌ಟಿಕ್ (`) ಹಾಕಬೇಕು. 5.0.6 ಹಾಕುವುದಿಲ್ಲ, ಹೆಸರನ್ನು ಬರಿದಾಗಿಯೇ ಬರೆಯುತ್ತದೆ. ಟೇಬಲ್‌ಗಳು ಇಂಗ್ಲಿಷ್ ಅಕ್ಷರಾನುಕ್ರಮದಲ್ಲಿ ಸೃಷ್ಟಿಯಾಗುವುದರಿಂದ ‘ಎ’ಯಿಂದ ‘ಜಿ’ಯವರೆಗೆ ಸರಾಗವಾಗಿ ಸಾಗಿ ಅಲ್ಲಿಯೇ ಎಡವುತ್ತದೆ. ನೂರು ಸಲ ಅಳಿಸಿ ಮಾಡಿದರೂ ಅದೇ ಕಲ್ಲಿಗೆ ಎಡವುತ್ತದೆ.

ಘಟಪ್ರಭಾ ಅವರು ಹೇಳಿದ ದಾರಿಯೂ ಇದೆ, ಮರಿಯಾಡಿಬಿಯಲ್ಲಿ ಆ ಪದಕ್ಕೆ ಕಾಯ್ದಿರಿಸುವಿಕೆ ಇಲ್ಲ. ಆದರೆ ಅಲ್ಲೊಂದು ಗುಂಡಿ ಇದೆ. ಪರ್ಲ್ ಅನ್ನು ಡೇಟಾಬೇಸ್‌ಗೆ ಜೋಡಿಸುವ ಡಿಬಿಡಿ-ಮೈಎಸ್‌ಕ್ಯುಎಲ್ ಮಾಡ್ಯೂಲ್‌ನ 5ನೇ ಸರಣಿ ಮರಿಯಾಡಿಬಿಯ ಲೈಬ್ರರಿಗಳ ಮೇಲೆ ಕಟ್ಟಿಕೊಳ್ಳುವುದಿಲ್ಲ. ಪರ್ಲ್ ಮಾಡ್ಯೂಲ್‌ಗಳ ಭಂಡಾರ ಸಿಪ್ಯಾನ್‌ನಿಂದ ಹೊಸದನ್ನು ಎಳೆದರೆ ಅಲ್ಲಿ ಸಿಕ್ಕಿಬೀಳುತ್ತೀರಿ. ಉಬುಂಟುವಿನ ಸ್ವಂತ ಪ್ಯಾಕೇಜನ್ನೇ ಹಾಕಬೇಕಾಗುತ್ತದೆ.

ಅಷ್ಟೆಲ್ಲ ಏಕೆ? 5.0.6 ಬಂದದ್ದು 2019ರಲ್ಲಿ. 2024ರ ಸೆಪ್ಟೆಂಬರ್‌ನಲ್ಲಿ 5.2 ಬಂದಿದೆ, ಅದು ಮೈಎಸ್‌ಕ್ಯುಎಲ್ 8ರ ಜೊತೆ ಹೊಂದಿಕೊಂಡು ಹೋಗುತ್ತದೆ. ಅರೆಬರೆ ಡೇಟಾಬೇಸನ್ನು ಅಳಿಸಿ, 5.2 ಅನ್ನು ಹೊಸ ಫೋಲ್ಡರಿನಲ್ಲಿ ಬಿಚ್ಚಿ, ಚೆಕ್‌ಸೆಟಪ್ ಓಡಿಸಿ. ಮೊದಲ ಓಟದಲ್ಲಿ ಲೋಕಲ್‌ಕಾನ್ಫಿಗ್ ಬರೆದು ನಿಲ್ಲುತ್ತದೆ, ಗಾಬರಿಯಾಗಬೇಡಿ. ಅದರಲ್ಲಿ ಪಾಸ್‌ವರ್ಡ್ ತುಂಬಿ. ‘ವೆಬ್‌ಸರ್ವರ್‌ಗ್ರೂಪ್’ ಎಂಬಲ್ಲಿ ‘ಅಪಾಚೆ’ ಎಂದಿರುತ್ತದೆ, ಉಬುಂಟುವಿನಲ್ಲಿ ಅದು ‘ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ’ ಆಗಬೇಕು. ನೀವು 777ರಿಂದ ಹುಡುಕುತ್ತಿದ್ದ ಅನುಮತಿಗಳನ್ನು ಆ ಒಂದು ಸಾಲು ನೋಡಿ ಚೆಕ್‌ಸೆಟಪ್ ತಾನೇ ಹೊಂದಿಸುತ್ತದೆ.

ಎರಕದಮನೆ | ಭಾನುವಾರ ಬೆಳಿಗ್ಗೆ 11:20

ಗ್ರೂಪ್ಸ್ ದಾಟಿತು! ಕೊನೆಯವರೆಗೂ ಓಡಿ, ಆಡಳಿತಗಾರನ ಇಮೇಲ್, ಪಾಸ್‌ವರ್ಡ್ ಕೇಳಿ, ಮುಗಿಯಿತು ಎಂದಿತು. ಮನೆಯಲ್ಲಿ ಕುಂದಾ ಇತ್ತು, ತಿಂದೆ.

ತಿಂದದ್ದು ಅವಸರವಾಯಿತು. ಬ್ರೌಸರ್‌ನಲ್ಲಿ ತೆರೆದರೆ ಪುಟದ ಬದಲು ಪರ್ಲ್ ಬರಹ ಕಾಣುತ್ತಿದೆ. ಮೊದಲ ಸಾಲಿನಲ್ಲಿ ಪರ್ಲ್ ಇರುವ ಜಾಗದ ವಿಳಾಸ, ಅದರ ಕೆಳಗೆ ಪರವಾನಗಿಯ ಮಾತು, ಆಮೇಲೆ ಕಾರ್ಯಕ್ರಮವೇ ಬಟಾಬಯಲು.

ಇಂಡಿ ನಿಂಬೆ | ಬೆಳಿಗ್ಗೆ 11:35

ಅಪಾಚೆಯಲ್ಲಿ ಕಾರ್ಯಕ್ರಮಗಳನ್ನು ನಡೆಸುವ ಸಿಜಿಐ ಮಾಡ್ಯೂಲ್ ಚಾಲೂ ಆಗಿಲ್ಲ. ಅದಕ್ಕೇ ಕಡತವನ್ನು ನಡೆಸದೆ ಓದಿ ಒಪ್ಪಿಸುತ್ತಿದೆ. ‘ಎ2ಎನ್‌ಮಾಡ್ ಸಿಜಿಐ’ ಕೊಡಿ (ಆಜ್ಞೆ ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರಗಳಲ್ಲಿ, ಗೊತ್ತಲ್ಲ). ಜೊತೆಗೆ ಹೆಡರ್ಸ್, ಎಕ್ಸ್‌ಪೈರ್ಸ್, ರೀರೈಟ್ ಕೂಡ. ಬಳಿಕ ಅಪಾಚೆಯ ಸಂರಚನೆಯಲ್ಲಿ ಬಗ್‌ಜಿಲ್ಲಾ ಫೋಲ್ಡರಿಗೆ ಎಕ್ಸೆಕ್‌ಸಿಜಿಐ ಕೊಟ್ಟು, ‘.ಸಿಜಿಐ’ ಕಡತಗಳಿಗೆ ಸಿಜಿಐ-ಸ್ಕ್ರಿಪ್ಟ್ ಹ್ಯಾಂಡ್ಲರ್ ಸೇರಿಸಿ, ಅಲೋಓವರ್‌ರೈಡ್ ಅನ್ನು ‘ಆಲ್’ ಮಾಡಿ.

ಆ ಕೊನೆಯದನ್ನು ಹಗುರವಾಗಿ ಕಾಣಬೇಡಿ. ಲೋಕಲ್‌ಕಾನ್ಫಿಗ್ ಅನ್ನು ಬ್ರೌಸರ್‌ನಿಂದ ಕಾಪಾಡುವುದು ಎಚ್‌ಟಿಆ್ಯಕ್ಸೆಸ್ ಕಡತ. ಅಲೋಓವರ್‌ರೈಡ್ ಇಲ್ಲದಿದ್ದರೆ ಅಪಾಚೆ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ಈಗಲೇ ನಿಮ್ಮ ವಿಳಾಸದ ಕೊನೆಗೆ ‘/ಲೋಕಲ್‌ಕಾನ್ಫಿಗ್’ ಎಂದು ಹಾಕಿ ನೋಡಿ.

ಎರಕದಮನೆ | ಬೆಳಿಗ್ಗೆ 11:41

ಅಯ್ಯೋ. ಪಾಸ್‌ವರ್ಡ್ ಪರದೆಯ ಮೇಲಿದೆ.

ಇಂಡಿ ನಿಂಬೆ | ಬೆಳಿಗ್ಗೆ 11:44

ಕಾರ್ಖಾನೆಯ ಒಳಜಾಲದಲ್ಲಷ್ಟೇ ಇದೆಯಲ್ಲ, ಬದುಕಿದಿರಿ. ಸರಿಮಾಡಿದ ಮೇಲೆ ಆ ಪಾಸ್‌ವರ್ಡನ್ನು ಬದಲಿಸಿಬಿಡಿ.

ನಂತರ ಬಗ್‌ಜಿಲ್ಲಾ ಫೋಲ್ಡರಿನಲ್ಲೇ ಇರುವ ಟೆಸ್ಟ್‌ಸರ್ವರ್.ಪಿಎಲ್ ಅನ್ನು ನಿಮ್ಮ ವಿಳಾಸ ಕೊಟ್ಟು ಓಡಿಸಿ. ಸರ್ವರ್ ಯಾವ ಗುಂಪಿನ ಹೆಸರಿನಲ್ಲಿ ನಡೆಯುತ್ತಿದೆ, ಬೀಗದ ಚಿತ್ರ ಸಿಗುತ್ತದೆಯೇ, ಸಿಜಿಐ ಓಡುತ್ತದೆಯೇ, ಲೋಕಲ್‌ಕಾನ್ಫಿಗ್ ಕೇಳಿದರೆ ತಡೆಯುತ್ತದೆಯೇ ಎಂದು ಅದೇ ಪರೀಕ್ಷಿಸಿ ಹೇಳುತ್ತದೆ. ಇಷ್ಟು ಒಳ್ಳೆಯ ಸಾಧನವನ್ನು ಎಷ್ಟೋ ಜನ ತೆರೆದೂ ನೋಡುವುದಿಲ್ಲ.

ಘಟಪ್ರಭಾ ದಡ | ಮಧ್ಯಾಹ್ನ 12:10

ಒಂದು ಮಾತು ಸೇರಿಸುತ್ತೇನೆ. ಹೊಸ ಖಾತೆ ತೆರೆದವರಿಗೆ ಬಗ್‌ಜಿಲ್ಲಾ ಇಮೇಲ್ ಕಳುಹಿಸಲು ನೋಡುತ್ತದೆ. ಮೇಲ್ ಸರ್ವರ್ ಇಲ್ಲದಿದ್ದರೆ ಪ್ಯಾರಾಮೀಟರ್ ಪುಟದಲ್ಲಿ ಮೇಲ್ ವಿಧಾನವನ್ನು ‘ಟೆಸ್ಟ್’ ಎಂದಿಡಿ. ಪತ್ರಗಳೆಲ್ಲ ಡೇಟಾ ಫೋಲ್ಡರಿನ ಮೇಲರ್.ಟೆಸ್ಟ್‌ಫೈಲ್ ಎಂಬ ಒಂದೇ ಕಡತಕ್ಕೆ ಬೀಳುತ್ತವೆ. ಹಾಗೆಯೇ ಯುಆರ್‌ಎಲ್‌ಬೇಸ್ ಜಾಗದಲ್ಲಿ ನಿಮ್ಮ ಒಳಜಾಲದ ವಿಳಾಸ ತುಂಬಲು ಮರೆಯಬೇಡಿ.

ಎರಕದಮನೆ | ಮಧ್ಯಾಹ್ನ 12:55

ನಾಲ್ಕು ಪರೀಕ್ಷೆಗಳೂ ಸರಿ ಎಂದವು. ಲಾಗಿನ್ ಪುಟ ಬಂದಿದೆ. ಕನ್ನಡದಲ್ಲಿ, ಮರಾಠಿಯಲ್ಲಿ ಒಂದೊಂದು ದೋಷ ಬರೆದು ಉಳಿಸಿದೆ. ಪ್ರಶ್ನಾರ್ಥಕ ಚಿಹ್ನೆಗಳಾಗದೆ ಅಕ್ಷರಗಳಾಗಿಯೇ ಮರಳಿ ಬಂದವು. ಪಾಸ್‌ವರ್ಡ್ ಬದಲಿಸಿದೆ, 777 ಇದ್ದ ಹಳೆಯ ಫೋಲ್ಡರನ್ನೇ ಕಿತ್ತು ಹಾಕಿದೆ. ಇಬ್ಬರಿಗೂ ಉಪಕಾರವಾಯಿತು.

ಎರಕದಮನೆ | ಬುಧವಾರ ಸಂಜೆ 6:15

ಮತ್ತೆ ಬಂದೆ, ಈ ಸಲ ಕಷ್ಟ ಬೇರೆ ಜಾತಿಯದು. ನಿನ್ನೆ ಮೆಷಿನ್ ಶಾಪ್‌ನವರು ಮೊದಲ ದೋಷ ದಾಖಲಿಸಿದರು: ‘ಬೋರ್ ಹೊಡೆಯುವಾಗ 3 ಮಿ.ಮೀ. ಒಳಗೆ ರಂಧ್ರ ಸಿಕ್ಕಿದೆ’, ಜೊತೆಗೆ ಫೋಟೊ. ಬ್ಲೋ ಹೋಲ್ ಚರ್ಮದ ಕೆಳಗೆ ಅಡಗಿರುತ್ತದೆ, ಲೋಹ ಕೆತ್ತಿದ ಮೇಲೆಯೇ ಬೆಳಕಿಗೆ ಬರುವುದು. ಅರ್ಧ ಗಂಟೆಯಲ್ಲಿ ನಮ್ಮ ಎರಕದ ಮೇಸ್ತ್ರಿ ಅದನ್ನು ‘ವರ್ಕ್ಸ್‌ಫಾರ್‌ಮಿ’ ಎಂದು ಮುಚ್ಚಿಹಾಕಿದ್ದಾರೆ. ಅಂದರೆ ‘ನಮ್ಮಲ್ಲಿ ಸರಿಯಿದೆ’ ಎಂದು! ಮೂವತ್ತು ವರ್ಷಗಳಿಂದ ಬಾಯಲ್ಲಿ ಹೇಳುತ್ತಿದ್ದ ಮಾತಿಗೆ ಈಗ ಗುಂಡಿಯೂ ಸಿಕ್ಕಿತು. ಆ ಆಯ್ಕೆಯನ್ನೇ ತೆಗೆಯಬಹುದೇ?

ಇಂಡಿ ನಿಂಬೆ | ಸಂಜೆ 6:40

ತೆಗೆಯಬಹುದು, ಅಳಿಸಲು ಮಾತ್ರ ಬರುವುದಿಲ್ಲ. ಈಗಾಗಲೇ ಒಂದು ದೋಷಕ್ಕೆ ಅಂಟಿಕೊಂಡಿದೆಯಲ್ಲ. ಅಡ್ಮಿನಿಸ್ಟ್ರೇಷನ್‌ನಲ್ಲಿ ಫೀಲ್ಡ್ ವ್ಯಾಲ್ಯೂಸ್, ಅಲ್ಲಿ ರೆಸಲ್ಯೂಷನ್ ತೆರೆದು ಆ ಮೌಲ್ಯದ ಎದುರಿನ ಟಿಕ್ ತೆಗೆಯಿರಿ. ಹೊಸದಾಗಿ ಆರಿಸಲು ಅದು ಕಾಣುವುದಿಲ್ಲ, ಹಳೆಯ ದಾಖಲೆ ಹಾಗೆಯೇ ಉಳಿಯುತ್ತದೆ. ಇಲ್ಲವಾದರೆ ಹೆಸರನ್ನೇ ಬದಲಿಸಿ ‘ಎರಕ ಕತ್ತರಿಸಿ ನೋಡಲಾಗಿದೆ’ ಎಂದಿಡಿ, ಕತ್ತರಿಸದೆ ಮುಚ್ಚುವಂತಿಲ್ಲ. ಫಿಕ್ಸ್‌ಡ್, ಡೂಪ್ಲಿಕೇಟ್ ಇವೆರಡರ ಹೆಸರನ್ನು ಮಾತ್ರ ಬದಲಿಸಲು ಅದು ಬಿಡುವುದಿಲ್ಲ.

ಎರಕದಮನೆ | ಸಂಜೆ 7:05

ಹೆಸರು ಬದಲಿಸಿದೆ. ಮೇಸ್ತ್ರಿ ಗರಗಸ ಹುಡುಕುತ್ತಿದ್ದಾರೆ.