ಓಪನ್‌ಎಲ್‌ಡ್ಯಾಪ್‌ನಲ್ಲಿ ಯೂಸರ್ ಹೆಸರು ಬದಲಿಸಿದೆ, ಗ್ರೂಪ್‌ಗಳು ಕೈಕೊಟ್ಟವು. ಸಹಾಯ ಬೇಕು

ಎಲ್ಲರಿಗೂ ನಮಸ್ಕಾರ. ಒಂದು ಕಾಲೇಜಿನ ಲಿನಕ್ಸ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಲಾಗಿನ್ ಎಲ್ಲ ಓಪನ್‌ಎಲ್‌ಡ್ಯಾಪ್ (ಯೂಸರ್, ಗ್ರೂಪ್ ಮಾಹಿತಿಯನ್ನು ಒಂದೇ ಕಡೆ ಇಡುವ ಡೈರೆಕ್ಟರಿ ಸರ್ವರ್) ಮೂಲಕ. ಮಕ್ಕಳ ಯುಐಡಿ (ಲಾಗಿನ್ ಹೆಸರು) ಇಷ್ಟು ದಿನ ಅವರ ಹೆಸರೇ ಆಗಿತ್ತು. ಒಂದೇ ಬ್ಯಾಚ್‌ನಲ್ಲಿ ನಾಲ್ಕು ಜನ ಪೂಜಾ ಬಂದರೆ ಏನು ಮಾಡೋದು ಹೇಳಿ! ಅದಕ್ಕೆ ಯುಎಸ್‌ಎನ್‌ಗೆ (ವಿಶ್ವವಿದ್ಯಾಲಯ ಕೊಡುವ ಸೀಟ್ ನಂಬರ್) ಬದಲಿಸೋಣ ಅಂತ ಹೊರಟೆ.

ಮೊದಲು ಮೂವರದ್ದು ಮಾತ್ರ ಮಾಡಾರ್‌ಡಿಎನ್ (ಎಂಟ್ರಿಯ ಹೆಸರು ಬದಲಿಸುವ ಆದೇಶ) ಕೊಟ್ಟು ಬದಲಿಸಿದೆ. ಒಬ್ಬಳಿಗೆ ಡಿಲೀಟ್‌ಓಲ್ಡ್‌ಆರ್‌ಡಿಎನ್ 0 ಅಂತ ಹಾಕಿಬಿಟ್ಟೆ. ಹಳೇ ಯುಐಡಿ ಹಾಗೇ ಉಳಿದು, ಈಗ ಎರಡೂ ಹೆಸರಲ್ಲಿ ಲಾಗಿನ್ ಆಗುತ್ತಿದೆ. ಅದು ನನ್ನದೇ ತಪ್ಪು, ಹಳೇದನ್ನು ಅಳಿಸಿದರೆ ಸರಿಹೋಗುತ್ತೆ.

ನಿಜವಾದ ತಲೆನೋವು ಬೇರೆ. ಯುಐಡಿ ನಂಬರ್ (ಫೈಲ್ ಯಾರದ್ದು ಅಂತ ಗುರುತಿಸುವ ಸಂಖ್ಯೆ) ಬದಲಾಗಿಲ್ಲ, ಹಾಗಾಗಿ ಅವರ ಸ್ವಂತ ಫೈಲ್‌ಗಳು ತೆರೆಯುತ್ತವೆ. ಆದರೆ ಪ್ರಾಜೆಕ್ಟ್ ಫೋಲ್ಡರ್ ಮುಟ್ಟಿದರೆ 'ಪರ್ಮಿಷನ್ ಡಿನೈಡ್'. ಗ್ರೂಪ್ ತೆಗೆದು ನೋಡಿದರೆ ಮೆಂಬರ್ ಸಾಲಿನಲ್ಲಿ ಇನ್ನೂ ಹಳೇ ಡಿಎನ್ (ಡೈರೆಕ್ಟರಿಯಲ್ಲಿ ಯೂಸರ್‌ನ ಪೂರ್ತಿ ವಿಳಾಸ) ಕೂತಿದೆ!

ರೆಫಿಂಟ್ ಓವರ್‌ಲೇ (ಹೆಸರು ಬದಲಾದಾಗ ಅದನ್ನು ಉಲ್ಲೇಖಿಸುವ ಬೇರೆ ಸಾಲುಗಳನ್ನೂ ತಿದ್ದುವ ಹೆಚ್ಚುವರಿ ಮಾಡ್ಯೂಲ್) ಹಾಕಿದ್ದರೆ ಅದೇ ಸರಿಮಾಡುತ್ತಿತ್ತು ಅಂತ ಆಮೇಲೆ ಓದಿದೆ. ಆದರೆ ಆಗಿಹೋದ ಬದಲಾವಣೆಯನ್ನು ಅದು ಮುಟ್ಟಲ್ಲ ಅಲ್ವಾ? ನನ್ನ ಯೋಚನೆ ಇದು: ಈಗ ರೆಫಿಂಟ್ ಹಾಕಿ, ಮೂವರನ್ನೂ ಹಳೇ ಹೆಸರಿಗೆ ತಂದು, ಮತ್ತೆ ಹೊಸದಕ್ಕೆ ಬದಲಿಸೋದು. ಆಗ ಗ್ರೂಪ್ ತಾನಾಗೇ ಸರಿಯಾಗಬೇಕು. ಯಾರಾದರೂ ಹೀಗೆ ಮಾಡಿದ್ದೀರಾ? ಅಥವಾ ಸುಮ್ನೆ ಎಲ್‌ಡಿಐಎಫ್ (ಬದಲಾವಣೆಗಳನ್ನು ಬರೆಯುವ ಟೆಕ್ಸ್ಟ್ ಫೈಲ್) ಬರೆದು ಮೆಂಬರ್ ಸಾಲುಗಳನ್ನೇ ತಿದ್ದಲಾ? ಇನ್ನೂ 57 ಜನ ಬಾಕಿ ಇದ್ದಾರೆ. ಸೋಮವಾರ ಲ್ಯಾಬ್ ಇಂಟರ್ನಲ್ಸ್ ಬೇರೆ. ಸ್ಲ್ಯಾಪ್‌ಕ್ಯಾಟ್‌ನಿಂದ ಬ್ಯಾಕಪ್ ತೆಗೆದಿಟ್ಟಿದ್ದೇನೆ.